ನಾಲ್ಕು ಮುಖ, ಒಂದೇ ಟವೆಲ್

ಮುಂಬಯಿ ಪಕ್ಕದ ಠಾಣೆಯ ಮಾಜಿವಾಡಾದ ನಮ್ಮ ಮನೆಯಲ್ಲಿ ಕನ್ನಡಿ ಇದ್ದದ್ದು ಬಚ್ಚಲಿನ ಹೊರಗೆ, ಅಡುಗೆಮನೆಗೆ ತಿರುಗುವ ಮೂಲೆಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆಯ ಮನೆ ಅದು. ಕಿಟಕಿ ತೆರೆದರೆ ಹೈವೇಯ ಧೂಳು, ಮುಚ್ಚಿದರೆ ಸೆಕೆ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಒಂದು ಸೋಪು, ಒಂದು ಪೌಡರ್ ಡಬ್ಬಿ, ತೆಂಗಿನೆಣ್ಣೆಯ ಬಾಟಲಿ ಇರುತ್ತಿದ್ದವು. ಪಕ್ಕದ ಮೊಳೆಯಲ್ಲಿ ಒಂದು ಟವೆಲ್. ಮುಖಕ್ಕೆಂದು ನಮ್ಮ ಮನೆಯಲ್ಲಿದ್ದ ಸಾಮಾನು ಇಷ್ಟೆ, ಮತ್ತು ಅಷ್ಟೂ ಎಲ್ಲರದು. ಬೆಳಿಗ್ಗೆ ಏಳಕ್ಕೆ, ತಿಂಡಿಗೆ ಮೊದಲು, ಅಮ್ಮ ಅಂಗೈ ತುಂಬ ಎಣ್ಣೆ ಸುರಿದುಕೊಂಡು ಒಬ್ಬೊಬ್ಬರ ನೆತ್ತಿಗೂ ತಟ್ಟುತ್ತಿದ್ದಳು. ನನ್ನ ತಲೆ ಮುಗಿದ ಮೇಲೆ ಕೈಯಲ್ಲಿ ಉಳಿದದ್ದನ್ನು ನನ್ನ ಕೆನ್ನೆಗೇ ಒರೆಸುವಳು. ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದ ಅಪ್ಪ ಕೂಡ ಶರಟು ಹಾಕುವ ಮೊದಲು ಅವಳೆದುರು ತಲೆ ಬಗ್ಗಿಸಿ ನಿಲ್ಲುತ್ತಿದ್ದರು. ಉಡುಪಿ ಕಡೆಯಿಂದ ಬಂದ ನಮ್ಮಂಥವರ ಮನೆಯಲ್ಲಿ ತಲೆಗೆ ಎಣ್ಣೆ ಹಾಕುವುದನ್ನು ಯಾರೂ ಅಲಂಕಾರ ಎಂದುಕೊಂಡಿರಲಿಲ್ಲ. ಅದು ಬಟ್ಟೆ ತೊಟ್ಟ ಹಾಗೆ. ತೊಟ್ಟಿದ್ದೇವೆ ಎಂದು ಯಾರೂ ಹೇಳುವುದಿಲ್ಲ.

ನನಗಾಗ ಹನ್ನೊಂದು. ಆ ಮಳೆಗಾಲದಲ್ಲಿ ಅಮ್ಮನ ತಂಗಿ ಸುಲೋಚನಾ ನಮ್ಮ ಮನೆಗೆ ಬಂದಳು. ಬಿ.ಕಾಂ. ಮುಗಿಸಿ ನಾಲ್ಕು ವರ್ಷ ಊರಿನಲ್ಲಿದ್ದ ಅಣ್ಣನ ಮನೆಯಲ್ಲಿ ಅತ್ತಿಗೆಯ ಅಡುಗೆಗೆ ಕೈಜೋಡಿಸಿಕೊಂಡು ಇದ್ದವಳು. ಠಾಣೆಯಲ್ಲಿ ಕೆಲಸ ಹುಡುಕುತ್ತೇನೆ ಎಂದು ಹಟ ಹಿಡಿದಾಗ ಅಣ್ಣ ಒಂದು ಷರತ್ತು ಹಾಕಿದ್ದ: ದೀಪಾವಳಿಯೊಳಗೆ ಕೆಲಸ ಸಿಗದಿದ್ದರೆ ಮರುಮಾತಿಲ್ಲದೆ ವಾಪಸು. ಈ ಮಾತು ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿದ್ದುದರಿಂದ ನನಗೂ ಬಾಯಿಪಾಠವಾಗಿತ್ತು. ಚಿಕ್ಕಮ್ಮ ನನ್ನ ಜೊತೆ ಚಾಪೆಯ ಮೇಲೆ ಮಲಗುತ್ತಿದ್ದಳು, ಕಡಿಮೆ ಮಾತಾಡುತ್ತಿದ್ದಳು, ಅರ್ಜಿಗಳನ್ನು ದುಂಡು ಅಕ್ಷರದಲ್ಲಿ ಬರೆಯುತ್ತಿದ್ದಳು. ಅಣ್ಣ ಫೋನ್ ಮಾಡಿದರೆ ಅಮ್ಮನೇ ಎತ್ತಿ, ಅಮ್ಮನೇ ಉತ್ತರ ಹೇಳಿ ಇಡುತ್ತಿದ್ದಳು. ಮೂರು ಕಡೆ ಆಗಲಿಲ್ಲ. ನಾಲ್ಕನೆಯದಾಗಿ, ಜಂಕ್ಷನ್ ಹತ್ತಿರ ಹೊಸದಾಗಿ ತೆರೆಯಲಿದ್ದ ಒಂದು ಹಲ್ಲಿನ ಆಸ್ಪತ್ರೆಗೆ ರಿಸೆಪ್ಷನಿಸ್ಟ್ ಬೇಕೆಂಬ ಜಾಹೀರಾತು ಸಿಕ್ಕಿತು. ಸಂದರ್ಶನಕ್ಕೆ ಒಂದು ತಿಂಗಳು ಇತ್ತು. ಅಭ್ಯರ್ಥಿ ಪ್ರೆಸೆಂಟೇಬಲ್ ಆಗಿರಬೇಕು ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು.

"ಪ್ರೆಸೆಂಟೇಬಲ್ ಅಂದ್ರೆ ಎಂತದು?" ಅಮ್ಮ ನನ್ನನ್ನು ಕೇಳಿದಳು. ಮನೆಯಲ್ಲಿ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದವಳು ನಾನೊಬ್ಬಳೇ.

"ಮುಖ ಅಚ್ಛಾ ಇರ್ಬೇಕು ಅಂತ."

"ಅಚ್ಛಾ ಅಂದ್ರೆ? ಬಿಳಿಯಾ?"

"ಮಾಲೂಮ್ ನಹೀ. ಚಮಕ್ ಬೇಕು, ಹೊಳೀಬೇಕು, ಐಸಾ ಕುಛ್."

ಚಿಕ್ಕಮ್ಮ ಅರ್ಜಿಯಿಂದ ತಲೆ ಎತ್ತದೆ ಹೇಳಿದಳು: "ಹಲ್ಲಿನ ಆಸ್ಪತ್ರೆ ಅಕ್ಕ. ಹಲ್ಲು ನೋಡ್ತಾರೆ, ಮುಖ ಅಲ್ಲ."

"ನೀನು ಸುಮ್ನಿರು ಮಾರಾಯ್ತಿ. ಬಾಗಿಲ ಎದುರು ಕೂರುವವಳ ಮುಖ ನೋಡದೆ ಇನ್ಯಾರದ್ದು ನೋಡುದು?"

ಅಪ್ಪನ ಕ್ಯಾಂಟೀನಿನಲ್ಲಿ ಓದಿ ಬಿಟ್ಟ ಮರಾಠಿ ಪತ್ರಿಕೆಗಳು ವಾರಕ್ಕೊಮ್ಮೆ ನಮ್ಮ ಮನೆಗೆ ಬರುತ್ತಿದ್ದವು, ಕಪಾಟಿಗೆ ಹಾಸಲು. ಅವುಗಳ ಪುರವಣಿಯೊಂದರಲ್ಲಿ ನಿಮ್ಮ ಚರ್ಮ ಯಾವ ಬಗೆಯದು ಎಂಬ ಲೇಖನ ನನ್ನ ಕಣ್ಣಿಗೆ ಬಿತ್ತು. ಚರ್ಮದಲ್ಲಿ ಬಗೆಗಳಿವೆ ಎನ್ನುವುದೇ ನನಗೆ ಸುದ್ದಿ. ಎಣ್ಣೆಯದು, ಒಣಗಿದ್ದು, ಸಾಧಾರಣ, ಹಣೆ ಮೂಗು ಗಲ್ಲ ಮಾತ್ರ ಜಿಡ್ಡಾಗಿ ಕೆನ್ನೆ ಒಣಗಿರುವ ಮಿಶ್ರ ಬಗೆ. ಇವಲ್ಲದೆ ಏನು ಹಚ್ಚಿದರೂ ಉರಿಯುವ ಸೂಕ್ಷ್ಮ ಚರ್ಮ. ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದಿತ್ತು. ಮುಖ ತೊಳೆದು, ಒರೆಸಿ, ಏನೂ ಹಚ್ಚದೆ ಒಂದು ಗಂಟೆ ಕಾಯಬೇಕು. ಆಮೇಲೆ ತೆಳು ಕಾಗದವನ್ನು ಹಣೆ, ಮೂಗು, ಕೆನ್ನೆ, ಗಲ್ಲಕ್ಕೆ ಒತ್ತಿ ಬೆಳಕಿಗೆ ಹಿಡಿಯಬೇಕು. ಎಣ್ಣೆಯ ಕಲೆ ಎಲ್ಲಿದೆ ಎಂದು ನೋಡಿದರೆ ಬಗೆ ತಿಳಿಯುತ್ತದೆ. ನಾನು ಕನ್ನಡಕ್ಕೆ ತಂದು ಓದಿ ಹೇಳಿದೆ. ಅಮ್ಮನಿಗೆ ಹಿಡಿಸಿತು. ಅಪ್ಪ ಕ್ಯಾಂಟೀನಿನಿಂದ ಪೇಪರ್ ನ್ಯಾಪ್ಕಿನ್ ಒಂದು ಕಟ್ಟು ತಂದರು. ಭಾನುವಾರ ಬೆಳಿಗ್ಗೆ ನಾಲ್ವರ ಮುಖವನ್ನೂ ಪರೀಕ್ಷಿಸುವುದೆಂದಾಯಿತು. ನಾನು ಶಾಲೆಯ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮನೆ ಮಾಡಿದೆ: ಅಡ್ಡಕ್ಕೆ ನಾಲ್ಕು ಹೆಸರು, ಉದ್ದಕ್ಕೆ ಹಣೆ, ಮೂಗು, ಕೆನ್ನೆ, ಗಲ್ಲ. ಆ ಪುಟ ಈಗಲೂ ನನ್ನ ಬಳಿ ಇರುವುದರಿಂದ ಈ ಭಾಗವನ್ನು ನೆನಪಿನಿಂದಲ್ಲ, ನೋಡಿಕೊಂಡು ಬರೆಯುತ್ತಿದ್ದೇನೆ.

ಏಳು ಗಂಟೆಗೆ ಎಂದಿನಂತೆ ಎಲ್ಲರ ತಲೆಗೂ ಎಣ್ಣೆ ಬಿತ್ತು. ಎಂಟಕ್ಕೆ ಒಬ್ಬರಾದ ಮೇಲೊಬ್ಬರು ಸೋಪಿನಿಂದ ಮುಖ ತೊಳೆದು, ಮೊಳೆಯ ಟವೆಲ್ಲಿನಲ್ಲಿ ಒರೆಸಿಕೊಂಡು, ಗೋಡೆಗೆ ಒರಗಿ ಸಾಲಾಗಿ ಕುಳಿತೆವು. ಮುಖ ಮುಟ್ಟಬಾರದೆಂದು ನಾನು ಕಾವಲು. ಅಪ್ಪ ಮೂಗು ತುರಿಸಿಕೊಂಡರೆಂದು ಅವರನ್ನು ಮತ್ತೆ ತೊಳೆಯಲು ಕಳಿಸಿದೆ.

"ಕ್ಯಾಂಟೀನಿಗೆ ಬರುವ ಫುಡ್ ಇನ್‌ಸ್ಪೆಕ್ಟರೂ ಇಷ್ಟು ಜೋರಿಲ್ಲ," ಎಂದರು ಅಪ್ಪ.

"ಒಂದು ಗಂಟೆ ಸುಮ್ನೆ ಕೂತ್ಕೊಳ್ಳಿ ಅಂದ್ರೆ ಗಂಡಸ್ರಿಗೆ ಆಗುದಿಲ್ಲ," ಎಂದಳು ಅಮ್ಮ.

ಅರ್ಧ ಗಂಟೆಯಾದಾಗ ಚಿಕ್ಕಮ್ಮ ಹೇಳಿದಳು: "ನಂಗೆ ಮುಖ ಬಿಗೀತಾ ಉಂಟು ವೀಣಾ. ನಗ್ಲಿಕ್ಕೂ ಆಗುದಿಲ್ಲ."

"ಬಾತ್ ಮತ್ ಕರೋ ಚಿಕ್ಕಮ್ಮ, ಟೆಸ್ಟ್ ಖರಾಬ್ ಆಗ್ತದೆ," ಎಂದೆ ನಾನು.

ಗಂಟೆ ತುಂಬಿದ ಮೇಲೆ ಕಾಗದ ಒತ್ತಿ ಕಿಟಕಿಗೆ ಹಿಡಿದೆ. ನಾಲ್ವರದರಲ್ಲೂ ಬೆಳಕು ಹಾಯುವ ಕಲೆಗಳಿದ್ದವು. ಹಣೆಯ ಕಾಗದವಂತೂ ಬಜ್ಜಿ ಇಟ್ಟು ತೆಗೆದ ಹಾಗಿತ್ತು. ಹದಿನಾರು ಮನೆಗಳಲ್ಲೂ ನಾನು ಒಂದೇ ಪದ ಬರೆದೆ: ಎಣ್ಣೆ. ನಮ್ಮ ವಂಶವೇ ಎಣ್ಣೆ ಚರ್ಮದ್ದು ಎಂದು ಘೋಷಿಸಿದೆ. ಅಮ್ಮನ ಹಿಮ್ಮಡಿ ವರ್ಷವಿಡೀ ಒಡೆದಿರುತ್ತಿತ್ತು, ಚಿಕ್ಕಮ್ಮನ ಮೊಣಕೈಯಲ್ಲಿ ಬಿಳಿ ಹೊಟ್ಟು ಏಳುತ್ತಿತ್ತು, ಅಪ್ಪ ದಿನವಿಡೀ ಒಲೆಯ ಹಬೆಯಲ್ಲಿ ನಿಲ್ಲುತ್ತಿದ್ದರು. ಇಷ್ಟು ಬೇರೆಬೇರೆಯಾದವರು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಉತ್ತರ ಕೊಟ್ಟಾಗ ನನಗೆ ಅನುಮಾನ ಬರಬೇಕಿತ್ತು. ಮುಂದೆ ಪತ್ರಕರ್ತೆಯಾದ ಮೇಲೆ ಸುದ್ದಿಮನೆಯಲ್ಲಿ ಹೊಸಬರಿಗೆ ನಾನು ಮೊದಲ ವಾರವೇ ಹೇಳುವ ಮಾತೊಂದಿದೆ: ನಾಲ್ಕು ಜನ ಒಂದೇ ಮಾತು ಹೇಳಿದರೆ ಅದು ನಾಲ್ಕು ಸಾಕ್ಷಿಯಾಗುವುದಿಲ್ಲ, ನಾಲ್ವರೂ ಒಬ್ಬನಿಂದಲೇ ಕೇಳಿರಬಹುದು. ಹನ್ನೊಂದರ ನನಗೆ ಅದು ಗೊತ್ತಿರಲಿಲ್ಲ. ಮುಖ ತೊಳೆದ ಮೇಲೆ ಬಿಗಿಯುವುದು ಒಣ ಚರ್ಮದ ಲಕ್ಷಣ ಎಂದು ಅದೇ ಲೇಖನದ ಕೊನೆಯ ಪ್ಯಾರಾದಲ್ಲಿತ್ತು. ನಾನದನ್ನು ಓದಿದ್ದೆ ಕೂಡ. ಆದರೆ ಚಿಕ್ಕಮ್ಮ ಹೇಳಿದ್ದು ಬರೀ ಮಾತು, ನನ್ನ ಕೈಯಲ್ಲಿದ್ದದ್ದು ಕಾಗದ.

ಎಣ್ಣೆ ಚರ್ಮಕ್ಕೆ ಲೇಖನ ಹೇಳಿದ್ದು ಸ್ವಲ್ಪ, ಅಮ್ಮ ಮಾಡಿದ್ದು ಹೆಚ್ಚು. ಮುಖವನ್ನು ದಿನಕ್ಕೆರಡು ಸಲ ಮೃದುವಾದದ್ದರಲ್ಲಿ ತೊಳೆಯಿರಿ ಎಂದಿದ್ದರೆ, ಅಮ್ಮ ನಾಲ್ಕು ಸಲ ಮೈಸೋಪಿನಲ್ಲಿ ತೊಳೆಸಿದಳು. ವಾರಕ್ಕೊಮ್ಮೆ ಮುಲ್ತಾನಿ ಮಿಟ್ಟಿ ಎಂದಿದ್ದರೆ ದಿನ ಬಿಟ್ಟು ದಿನ ಬಳಿದಳು, ಬೇಗ ಹಿಡಿಯಲಿ ಎಂದು ನಿಂಬೆರಸ ಹಿಂಡಿ. ನಮಗೆ ಮೂವರಿಗೆ ಈ ಉಪಚಾರ ಇರಲಿಲ್ಲ. ಸಂದರ್ಶನ ಇದ್ದದ್ದು ಚಿಕ್ಕಮ್ಮನಿಗೆ ತಾನೆ. ಮಣ್ಣು ಒಣಗಿ ಬಿರಿಯುವವರೆಗೆ ಅವಳು ಫ್ಯಾನಿನ ಕೆಳಗೆ ಅಲುಗಾಡದೆ ಕೂರುತ್ತಿದ್ದಳು, ನಾನು ಪಕ್ಕದಲ್ಲಿ ಗಡಿಯಾರ ನೋಡುತ್ತಿದ್ದೆ. ಮೊದಲ ವಾರ ಮುಖ ಸ್ವಚ್ಛವಾದಂತೆ ಕಂಡಿತು. ಎರಡನೆಯ ವಾರ ಕೆನ್ನೆ ಕೆಂಪಾಯಿತು. ಮೂರನೆಯ ವಾರ ಮೂಗಿನ ಎರಡೂ ಬದಿ ಸಿಪ್ಪೆ ಏಳತೊಡಗಿತು, ಬಾಯಿಯ ಮೂಲೆ ಸೀಳಿ ಊಟದ ಸಾರು ತಾಗಿದರೆ ಕಣ್ಣಲ್ಲಿ ನೀರು. ಕೊಳೆ ಹೊರಗೆ ಬರುತ್ತಿದೆ ಎಂದಳು ಅಮ್ಮ. ನಾನು ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದುಕೊಂಡೆ.

ನಮ್ಮ ಕಟ್ಟಡದ ಪಕ್ಕದಲ್ಲಿ ಗೋಪುರದಂಥ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿ ಸಿಮೆಂಟ್ ಹೊರುತ್ತಿದ್ದ ವಿಜಯಪುರದ ಶಾಂತವ್ವ ಮಧ್ಯಾಹ್ನ ನಮ್ಮ ನೆಲಮಹಡಿಯ ನಲ್ಲಿಗೆ ಬಂದು, ಮೇಲೆ ಹತ್ತಿ, ಅಮ್ಮ ಕೊಡುವ ಚಹಾ ಕುಡಿದು ಹೋಗುತ್ತಿದ್ದಳು. ಕನ್ನಡ ಕೇಳಿಸಿತೆಂದು ಒಂದು ದಿನ ಬಾಗಿಲಲ್ಲಿ ನಿಂತವಳು, ಆಮೇಲೆ ರೂಢಿಯಾಗಿತ್ತು. ಆ ದಿನ ಅವಳು ಬಂದಾಗ ಚಿಕ್ಕಮ್ಮ ಮಣ್ಣು ತೊಳೆದು ಹೊರಬಂದಿದ್ದಳು.

"ಯವ್ವಾ! ಮಾರಿ ಯಾಕ್ ಹಿಂಗ್ ಸುಟ್ಟೈತಿ ತಂಗಿ? ಕುಕ್ಕರ್ ಸಿಡೀತೇನು?"

"ಎಣ್ಣೆ ತೆಗೀಲಿಕ್ಕೆ ಔಷಧ ಮಾಡ್ತಿದ್ದೇವೆ," ಎಂದಳು ಅಮ್ಮ. "ಇವಳದ್ದು ಎಣ್ಣೆ ಚರ್ಮ."

"ಯಾವ ಮೂಳ ಹೇಳ್ಯಾನ?"

ನಾನು ಅಭಿಮಾನದಿಂದಲೇ ನೋಟ್‌ಬುಕ್ಕು ತಂದು, ಕಾಗದ ಹೇಗೆ ಒತ್ತಿದೆ ಎಂದು ತೋರಿಸಿದೆ. ಶಾಂತವ್ವ ಓದಿದವಳಲ್ಲ. ಆದರೆ ಕಥೆಯನ್ನು ಪೂರ್ತಿ ಕೇಳಿದಳು. ಕೇಳಿ, ಚಹಾದ ಲೋಟ ಕೆಳಗಿಟ್ಟು, ಎದ್ದು ಹೋಗಿ ಮೊಳೆಯ ಟವೆಲ್ಲನ್ನು ಎರಡು ಬೆರಳಲ್ಲಿ ಹಿಡಿದು ಮೂಸಿದಳು. ನನ್ನ ಹಣೆಯ ಕೂದಲಂಚಿಗೆ ಬೆರಳೊತ್ತಿ ಬೆರಳನ್ನು ನನ್ನ ಕಣ್ಣೆದುರು ಹಿಡಿದಳು. ಮಿನುಗುತ್ತಿತ್ತು.

"ತೆಲಿಗೆ ಎಣ್ಣಿ, ಟಾವೆಲ್‌ಗೆ ಎಣ್ಣಿ. ಎಣ್ಣಿ ಸುರುಕೊಂಡು ಕುಂತು ಎಣ್ಣಿ ಹುಡುಕ್ತೀರಲ್ಲ ಅಕ್ಕಾರ! ನಮ್ಮ ಮಂದೀಗಿ ಹಿಂಗ ಪರೀಕ್ಷಾ ಮಾಡಿದ್ರ ಎಲ್ಲಾರ್ದೂ ಸಿಮೆಂಟ್ ತೊಗಲ ಅಂತ ಬರ್ತೈತಿ."

ಅಪ್ಪ ಇದ್ದಿದ್ದರೆ ನಗುತ್ತಿದ್ದರು. ಅಮ್ಮ ನಗಲಿಲ್ಲ. ಶಾಂತವ್ವ ಚಿಕ್ಕಮ್ಮನ ಗಲ್ಲ ಎತ್ತಿ ನೋಡಿ ಮೆಲ್ಲಗೆ ಹೇಳಿದಳು: "ಸಿಮೆಂಟ್ ಹತ್ತಿದ್ರ ತೊಗಲ ತಿಂತೈತಿ ತಂಗಿ, ನಾ ದಿನಾ ನೋಡ್ತೀನಿ. ಈ ನಿಂಬಿಹಣ್ಣ ಅದರ ತಂಗೀನ. ಬಿಡು ಅದನ್ನ."

ಮರುದಿನ ನಾನು ಪರೀಕ್ಷೆಯನ್ನು ಮತ್ತೆ ಮಾಡಿದೆ. ಹಿಂದಿನ ಸಂಜೆಯೇ ಎಲ್ಲರೂ ತಲೆಗೆ ಸ್ನಾನ. ಬೆಳಿಗ್ಗೆ ಎಣ್ಣೆ ಇಲ್ಲ. ಅಮ್ಮ ಬಾಟಲಿಯ ಕಡೆ ಎರಡು ಸಲ ನಡೆದು ವಾಪಸು ಬಂದಳು. ಒಬ್ಬೊಬ್ಬರಿಗೂ ಬೇರೆಬೇರೆ ಒಗೆದ ಬಟ್ಟೆ, ಚಿಕ್ಕಮ್ಮನಿಗೆ ಸೋಪಿಲ್ಲದೆ ಬರೀ ನೀರು. ಈ ಸಲ ನಾಲ್ವರದು ನಾಲ್ಕು ತರಹ ಬಂತು. ಅಪ್ಪನ ಹಣೆ ಮತ್ತು ಮೂಗಿನಲ್ಲಿ ಕಲೆ, ಕೆನ್ನೆಯಲ್ಲಿಲ್ಲ, ಅದು ಮಿಶ್ರ. ನನ್ನ ಮೂಗಿನಲ್ಲಿ ಚುಕ್ಕಿಯಷ್ಟು. ಅಮ್ಮನದು ಹೆಚ್ಚೂಕಡಿಮೆ ಖಾಲಿ. ಚಿಕ್ಕಮ್ಮನ ನಾಲ್ಕೂ ಕಾಗದ ಕ್ಯಾಂಟೀನಿನಿಂದ ಈಗತಾನೆ ತಂದ ಹಾಗಿದ್ದವು. ಕೆನ್ನೆಯದಕ್ಕೆ ಮಾತ್ರ ಒಂದು ಸಿಪ್ಪೆ ಅಂಟಿತ್ತು. ನಾನು ಹಳೆಯ ಪುಟದ ಮೇಲೆ ಅಡ್ಡಗೆರೆ ಎಳೆದು ತಪ್ಪು ಎಂದು ಬರೆದೆ. ಸಂದರ್ಶನಕ್ಕೆ ಆರು ದಿನ ಉಳಿದಿತ್ತು.

ಅಮ್ಮ ಹೆದರಿದಾಗ ಹೊರಗೆ ಹೊರಡುತ್ತಾಳೆ. ಅಂದೇ ಮಧ್ಯಾಹ್ನ ನಮ್ಮಿಬ್ಬರನ್ನೂ ಟ್ರೈನು ಹತ್ತಿಸಿ ನವಿ ಮುಂಬಯಿಯ ಕೋಪರಖೈರಣೆಗೆ ಕರೆದೊಯ್ದಳು. ಅಲ್ಲಿ ನಮ್ಮೂರ ಕಡೆಯವರ ಔಷಧದ ಅಂಗಡಿಯಿತ್ತು. ಅಂಗಡಿಯವರು ಚಿಕ್ಕಮ್ಮನ ಮುಖ ನೋಡಿದ್ದು ಒಂದು ಕ್ಷಣ. ಕೈ ಹಿಂದಕ್ಕೆ ಹೋಗಿ ಒಂದು ಸಣ್ಣ ಟ್ಯೂಬಿನೊಂದಿಗೆ ಬಂತು.

"ಮೂರು ದಿನ ಹಚ್ಚಿ ಅಕ್ಕ. ಕೆಂಪು ಹೋಗಿ ಬಿಳೀ ಆಗ್ತಾಳೆ. ಇಂಟರ್‌ವ್ಯೂಗೆ ಫಸ್ಟ್ ಕ್ಲಾಸ್."

"ಚೌಥೇ ದಿನ್ ಕ್ಯಾ ಹೋತಾ ಹೈ?" ನಾನು ಕೇಳಿದೆ. ಧೈರ್ಯದಿಂದ ಕೇಳಿದ್ದಲ್ಲ. ಒಂದು ಪುಟ ಹೊಡೆದು ಹಾಕಿದ ಮೇಲೆ ಎಲ್ಲದರ ಮುಂದಿನ ಸಾಲು ಏನೆಂದು ತಿಳಿಯುವ ಚಾಳಿ ಹತ್ತಿತ್ತು.

ಅವರು ನಕ್ಕರು. "ನಾಲ್ಕನೇ ದಿನಕ್ಕೆ ಕೆಲಸ ಸಿಕ್ಕಿರ್ತದಲ್ಲ ಪುಟ್ಟಿ!"

ಅಮ್ಮ ಪರ್ಸು ತೆಗೆದಳು. ಚಿಕ್ಕಮ್ಮ ಟ್ಯೂಬನ್ನು ಕೈಗೆ ತೆಗೆದುಕೊಂಡು, ಹಿಂದೆಮುಂದೆ ತಿರುಗಿಸಿ, ಗಾಜಿನ ಮೇಲೆ ಇಟ್ಟಳು. ಅಂಗಡಿಯ ಪಕ್ಕದಲ್ಲಿ ಮೆಟ್ಟಿಲು, ಮೆಟ್ಟಿಲ ಬಳಿ ಚರ್ಮದ ಡಾಕ್ಟರರ ಬೋರ್ಡು ಇತ್ತು. ಅವಳು ಅಮ್ಮನನ್ನು ಕೇಳದೆ ಹತ್ತತೊಡಗಿದಳು. ಅಲ್ಲಿಯವರೆಗೆ ಅವಳು ನಮ್ಮ ಮನೆಯಲ್ಲಿ ಕೇಳದೆ ಕಿಟಕಿಯನ್ನೂ ತೆರೆದವಳಲ್ಲ.

ಡಾಕ್ಟರು ನಡುವಯಸ್ಸಿನ ಮರಾಠಿ ಹೆಂಗಸು. ಮೊದಲು ಕೇಳಿದ ಪ್ರಶ್ನೆಗೆ ಯಾವ ಉಪಕರಣವೂ ಬೇಕಿರಲಿಲ್ಲ: ಮುಖ ತೊಳೆದ ಮೇಲೆ ಹೇಗನ್ನಿಸುತ್ತದೆ? ಬಿಗಿಯುತ್ತದೆ, ಮೊದಲಿನಿಂದಲೂ, ಎಂದಳು ಚಿಕ್ಕಮ್ಮ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹಗುರವಾಗುತ್ತಿತ್ತು. ನಾನೇ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟೆ. ಡಾಕ್ಟರು ಹೊಡೆದುಹಾಕಿದ ಪುಟವನ್ನೂ ಹೊಸ ಪುಟವನ್ನೂ ನೋಡಿ, ಕನ್ನಡ ಅಕ್ಷರ ಬಾರದೆ ಬೆರಳಿಟ್ಟು ನನ್ನಿಂದ ಹೇಳಿಸಿಕೊಂಡು, ಕೊನೆಗೆ ಕೇಳಿದರು:

"ಛಾನ್. ಕಾಗದಾಲಾ ವಿಚಾರ್‌ಲಂಸ್. ಮಾವ್‌ಶೀಲಾ ವಿಚಾರ್‌ಲಂಸ್ ಕಾ?"

ಚೆನ್ನಾಗಿದೆ, ಕಾಗದವನ್ನು ಕೇಳಿದ್ದೀಯ, ಚಿಕ್ಕಮ್ಮನನ್ನು ಕೇಳಿದೆಯಾ ಎಂದು. ನಾನು ನೋಟ್‌ಬುಕ್ಕನ್ನು ಮುಚ್ಚಿ ಹತ್ತಿರಕ್ಕೆಳೆದುಕೊಂಡೆ. ಅವರ ಚೀಟಿಯಲ್ಲಿ ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು. ಸೋಪಿಲ್ಲ, ಮಣ್ಣಿಲ್ಲ, ನಿಂಬೆಯಿಲ್ಲ, ಪೌಡರಿಲ್ಲ. ನೊರೆ ಬಾರದ ಮೃದು ಕ್ಲೆನ್ಸರ್ ದಿನಕ್ಕೆರಡು ಸಲ. ಮುಖ ಪೂರ್ತಿ ಒಣಗುವ ಮೊದಲೇ ವಾಸನೆಯಿಲ್ಲದ ಒಂದು ಕ್ರೀಮು. ಹಗಲು ಹೊರಗೆ ಹೋಗುವಾಗ ಬಿಸಿಲು ತಡೆಯುವ ಸನ್‌ಸ್ಕ್ರೀನ್. ಯಾವುದನ್ನೇ ಆಗಲಿ ಮೊದಲು ಮೊಣಕೈಯ ಒಳಬದಿಗೆ ಎರಡು ದಿನ ಹಚ್ಚಿ, ಉರಿಯದಿದ್ದರೆ ಮಾತ್ರ ಮುಖಕ್ಕೆ. ಕೆಳಗಿನ ಟ್ಯೂಬಿನ ಬಗ್ಗೆ ನಾನು ಕೇಳಿದೆ. ಅಂಥದ್ದರಲ್ಲಿ ಸ್ಟೆರಾಯ್ಡ್ ಇರುತ್ತದೆ, ಬೇಗ ತಣಿಸುತ್ತದೆ, ಹಾಗೇ ಹಚ್ಚುತ್ತ ಹೋದರೆ ಚರ್ಮ ತೆಳುವಾಗುತ್ತದೆ, ಬಿಟ್ಟರೆ ಮೊದಲಿಗಿಂತ ಕೆಂಪಾಗುತ್ತದೆ ಎಂದರು. ನನ್ನ ನಾಲ್ಕನೆಯ ದಿನದ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಮ್ಮನ ಪ್ರಶ್ನೆ ಬೇರೆಯಿತ್ತು: ಆರು ದಿನದಲ್ಲಿ ಸರಿಯಾಗುತ್ತದೆಯೆ? ಡಾಕ್ಟರು ತಲೆಯಲ್ಲಾಡಿಸಿದರು. ಉರಿ ಇಳಿಯುತ್ತದೆ. ಮುಖ ತಿಳಿಯಾಗಲು ಒಂದು ತಿಂಗಳಾದರೂ ಬೇಕು.

ಅಮ್ಮ ಮನೆಗೆ ಬಂದು ಅನ್ನಕ್ಕೆ ಇಟ್ಟು, ಗೋಡೆಗೆ ಮುಖ ಮಾಡಿ ಅತ್ತಳು. ನಾನು ಅವಳ ಹಿಂದೆ ನಿಂತಿದ್ದೆ; ತಪ್ಪು ನನ್ನದೂ ಎಂದು ಹೇಳುವ ವಾಕ್ಯವನ್ನು ಕಟ್ಟಿಕೊಂಡಿದ್ದೆ, ಹೇಳಲಿಲ್ಲ. ಆ ವಾರ ನಮ್ಮ ಮನೆಯಲ್ಲಿ ನಾಲ್ಕು ಮೊಳೆ, ನಾಲ್ಕು ಟವೆಲ್ ಬಂದವು. ಅಪ್ಪ ಸುತ್ತಿಗೆ ಹಿಡಿದು ಮೊಳೆಗಳನ್ನು ಹೊಡೆದರು. ಚಿಕ್ಕಮ್ಮ ಎರಡು ದಿನ ಮೊಣಕೈ ತೋರಿಸುತ್ತ ಓಡಾಡಿದಳು, ಮೂರನೆಯ ದಿನ ಕ್ರೀಮನ್ನು ಮುಖಕ್ಕೆ ತಂದಳು. ಸಿಪ್ಪೆ ಕಡಿಮೆಯಾಯಿತು, ಕೆಂಪು ಉಳಿಯಿತು. ಸಂದರ್ಶನದ ಬೆಳಿಗ್ಗೆ ಅಮ್ಮ ಪೌಡರ್ ಡಬ್ಬಿ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಸ್ವಲ್ಪ. ಕೆನ್ನೆಗೆ ಮಾತ್ರ. ಯಾರಿಗೂ ಗೊತ್ತಾಗುದಿಲ್ಲ."

"ಸಿಪ್ಪೆ ಮೇಲೆ ಪೌಡರ್ ಹಾಕಿದ್ರೆ ಸುಣ್ಣ ಬಿದ್ದ ಗೋಡೆ ಹಾಗೆ ಕಾಣ್ತದೆ ಅಕ್ಕ."

"ಹಾಗೇ ಹೋದ್ರೆ ಕೇಳ್ತಾರೆ, ಎಂತ ಆಯ್ತು ಅಂತ."

"ಕೇಳಿದ್ರೆ ಹೇಳ್ತೇನೆ."

"ಎಂತ ಹೇಳ್ತಿ? ಅಕ್ಕ ಸುಟ್ಟು ಹಾಕಿದ್ಳು ಅಂತಲಾ?"

ಚಿಕ್ಕಮ್ಮ ಡಬ್ಬಿಯನ್ನು ಅವಳ ಕೈಯಿಂದ ಬಿಡಿಸಿ ಹಲಗೆಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಇಳಿದು ಹೋದಳು. ಒಳಗೆ ಏನಾಯಿತು ಎನ್ನುವುದು ಅವಳು ಹೇಳಿದ್ದು, ನಾನು ಕಂಡದ್ದಲ್ಲ. ಮೇಜಿನಾಚೆ ಇಬ್ಬರಿದ್ದರು. ಒಬ್ಬರು ಮುಖದ ಬಗ್ಗೆ ಕೇಳಿದರು. ತಪ್ಪು ಪರೀಕ್ಷೆ ನಂಬಿ ತಪ್ಪು ಔಷಧ ಮಾಡಿಕೊಂಡೆ, ಈಗ ಡಾಕ್ಟರು ಹೇಳಿದಂತೆ ನಡೆಯುತ್ತಿದ್ದೇನೆ ಎಂದಳಂತೆ. ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಮನೆಮದ್ದು ಮಾಡಿಕೊಂಡು ಹಲ್ಲು ಕೆಡಿಸಿಕೊಂಡೇ ಬರುತ್ತಾರೆ ಎಂದು ಇನ್ನೊಬ್ಬರು ನಕ್ಕರಂತೆ.

ಸಂಜೆ ನಾಲ್ಕಕ್ಕೆ ಅವಳು ವಾಪಸಾದಾಗ ಅಪ್ಪ ಅರ್ಧ ದಿನ ರಜೆ ಹಾಕಿ ಬಂದು ಕೂತಿದ್ದರು. ಅವಳು ನೇರ ಬಚ್ಚಲಿಗೆ ಹೋಗಿ, ಮುಖ ತೊಳೆದು, ಒರೆಸದೆ ಒತ್ತಿಕೊಂಡು, ಕನ್ನಡಿಯ ಮುಂದೆ ನಿಂತು ಹಸಿ ಕೆನ್ನೆಗೆ ಕ್ರೀಮು ಹಚ್ಚತೊಡಗಿದಳು. ನಾವು ಮೂವರೂ ಹಿಂದೆ ನಿಂತಿದ್ದೆವು.

"ಬಾಯಿ ಬಿಡು ಮಾರಾಯ್ತಿ, ಜೀವ ಹೋಗ್ತದೆ," ಎಂದಳು ಅಮ್ಮ.

"ಸೋಮವಾರದಿಂದ ಬರ್ಲಿಕ್ಕೆ ಹೇಳಿದ್ರು. ಎದುರಿನ ಮೇಜಿಗೆ ಬೇರೆಯವಳನ್ನು ತಕೊಂಡ್ರು. ನಾನು ಒಳಗೆ, ಫೋನ್ ಮತ್ತೆ ಅಪಾಯಿಂಟ್‌ಮೆಂಟ್."

"ಮುಖ ಸರಿ ಇದ್ದಿದ್ರೆ ಎದುರೇ ಕೂರಿಸ್ತಿದ್ರು."

"ಇರ್ಲಿ ಅಕ್ಕ. ಒಳಗೆ ಏಸಿ ಉಂಟು."

ಅಪ್ಪ ಜೋರಾಗಿ ನಕ್ಕುಬಿಟ್ಟರು. ಅಮ್ಮ ಕಣ್ಣೊರೆಸಿಕೊಂಡು, ಊರಿಗೆ ತಿಳಿಸಬೇಕಲ್ಲ ಎಂದು ಅಪ್ಪನ ಮೊಬೈಲಿಗೆ ಕೈ ಚಾಚಿದಳು. ಚಿಕ್ಕಮ್ಮ ಅದಕ್ಕೂ ಮೊದಲೇ ಅದನ್ನು ಎತ್ತಿಕೊಂಡಿದ್ದಳು. ಗುಂಡಿ ಒತ್ತಿ, ಕಿಟಕಿಯ ಹತ್ತಿರ ಹೋಗಿ ನಿಂತಳು. "ಯಾನ್ ಬರ್ಪುಜಿ ಅಣ್ಣ," ಎಂದಳು ತುಳುವಿನಲ್ಲಿ, ನಾನು ಬರುವುದಿಲ್ಲ ಎಂದು. ಆಮೇಲೆ ಬಹಳ ಹೊತ್ತು ಆಚೆಯವರೇ ಮಾತಾಡಿದರು. ಮುಖ ಕೆಟ್ಟಿದೆಯೆಂದು ಯಾರೋ ಹೇಳಿದ್ದರಂತೆ, ಅಂಥ ಹುಡುಗಿಗೆ ಮುಂದೇನು ಎಂದು ಅಣ್ಣ ಕೇಳಿದನಂತೆ. ನಮಗೆ ಕೇಳಿಸಿದ್ದು ಅವಳ ಉತ್ತರ ಮಾತ್ರ, ಅದೂ ಮೆಲುದನಿಯಲ್ಲಿ, ಹೆಸರು ವಿಳಾಸ ಬರೆಸುವವರ ಹಾಗೆ:

"ಕೆಟ್ಟಿಲ್ಲ ಅಣ್ಣ. ನನ್ನದು ಒಣ ಚರ್ಮ. ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ."